ದೂರನಿಯಂತ್ರಕದ ಪೂರ್ವೋತ್ತರ

ಹೋದ ವರ್ಷ ಆಷಾಢದ ಒಂದು ಸಂಜೆ ನಮ್ಮ ಮನೆಯ ಟೆಲಿವಿಷನ್ನಿನ ರಿಮೋಟು ತನ್ನ ಕೆಲಸ ನಿಲ್ಲಿಸಿಬಿಟ್ಟಿತು. ಇಷ್ಟು ಅಲ್ಪವಾದ ಸಂಗತಿಯನ್ನು ಕೇಳುಗರ ಮುಂದೆ ಇಡುವುದಕ್ಕೆ ನನಗೂ ಸಂಕೋಚವಿದೆ. ಆದರೆ ನನ್ನ ತಾಯಿಯವರಿಗೆ ಈಗ 83 ವರ್ಷ. ಗ್ಲಾಕೋಮಾ ಬಂದು ದೃಷ್ಟಿ ಬಹುಮಟ್ಟಿಗೆ ಹೋಗಿದೆ. ಟೆಲಿವಿಷನ್ನನ್ನು ಅವರು ನೋಡುವುದಿಲ್ಲ, ಕೇಳುತ್ತಾರೆ. ರೇಡಿಯೊ ಇದೆಯಲ್ಲ ಎಂದು ನೀವು ಹೇಳಬಹುದು. ಆಕಾಶವಾಣಿಯಲ್ಲಿ ಕುಳಿತು ನಾನು ಇದನ್ನು ಆಡಬಾರದು, ಆದರೂ ಆಡುತ್ತೇನೆ: ಸಂಜೆ ಏಳು ಗಂಟೆಯ ಧಾರಾವಾಹಿಯ ಸೊಸೆಯ ಕಷ್ಟಗಳು ರೇಡಿಯೊದಲ್ಲಿ ಬರುವುದಿಲ್ಲ. ಆ ಹಳೆಯ ರಿಮೋಟಿನ ಒಂದೊಂದು ಗುಂಡಿಯೂ ಅವರ ಹೆಬ್ಬೆರಳಿಗೆ ಬಾಯಿಪಾಠವಾಗಿತ್ತು. ಯಾರನ್ನೂ ಕೇಳದೆ ಅವರು ತಾವಾಗಿ ನಡೆಸಬಹುದಾಗಿದ್ದ ವ್ಯವಹಾರ ಮನೆಯಲ್ಲಿ ಅದೊಂದೇ ಉಳಿದಿತ್ತು.

ಪೇಟೆಯಿಂದ ಹೊಸದೊಂದನ್ನು ತಂದುಕೊಟ್ಟೆ. ಗುಂಡಿಗಳ ಜಾಗ ಬೇರೆ. ಧ್ವನಿ ಏರಿಸಲು ಹೋಗಿ ಅವರು ಎರಡು ಸಲ ಟೆಲಿವಿಷನ್ನನ್ನೇ ಆರಿಸಿದರು. ಮೂರನೆಯ ಸಲ ರಿಮೋಟನ್ನು ಪಕ್ಕಕ್ಕಿಟ್ಟು, “ಇರಲಿ ಬಿಡಪ್ಪ, ಕೇಳಿ ಏನಾಗಬೇಕು” ಎಂದು ಗೋಡೆಗೆ ಒರಗಿ ಕುಳಿತರು. ಆ ಮಾತು ನನಗೆ ಸಹಿಸಲಿಲ್ಲ. ಹಳೆಯದನ್ನೇ ಬಿಚ್ಚುವುದೆಂದು ತೀರ್ಮಾನಿಸಿದೆ. ಬಿಚ್ಚುವ ಮೊದಲು, ಇತಿಹಾಸ ಓದಿದವನ ಹಾಳು ಅಭ್ಯಾಸ, ಈ ವಸ್ತು ಎಲ್ಲಿಂದ ಬಂತೆಂದು ಹುಡುಕತೊಡಗಿದೆ.

ದೂರದಿಂದ ವಸ್ತುವೊಂದನ್ನು ಆಡಿಸುವ ಆಸೆ ಟೆಲಿವಿಷನ್ನಿಗಿಂತ ಹಳೆಯದು. 1898ರಲ್ಲಿ ನಿಕೊಲಾ ಟೆಸ್ಲಾ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಸಣ್ಣ ದೋಣಿಯೊಂದನ್ನು ನೀರಿನ ತೊಟ್ಟಿಯಲ್ಲಿ ಬಿಟ್ಟು ರೇಡಿಯೊ ಅಲೆಗಳಿಂದಲೇ ಅದನ್ನು ನಡೆಸಿ ತೋರಿಸಿದ. ಅದಕ್ಕೂ ಕೆಲವು ವರ್ಷ ಮೊದಲು ನಮ್ಮ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ, ಗೋಡೆಯ ಆಚೆಯಿಂದ ಹಾಯಿಸಿದ ಅಲೆಗಳಿಂದ ಗಂಟೆ ಬಾರಿಸಿ ಮದ್ದು ಸಿಡಿಸಿದ್ದರು. ಇವು ಮೇಧಾವಿಗಳ ಕೆಲಸಗಳು. ರಿಮೋಟಿನ ಕಥೆಯಾದರೋ ಸೋಮಾರಿತನದ ಹೆಸರಿನಲ್ಲಿಯೇ ಆರಂಭವಾಗುತ್ತದೆ. 1950ರಲ್ಲಿ ಅಮೆರಿಕದ ಜೆನಿತ್ ಕಂಪನಿ ಹೊರತಂದ ಮೊದಲ ಟೆಲಿವಿಷನ್ ನಿಯಂತ್ರಕಕ್ಕೆ ಇಟ್ಟ ಹೆಸರು ‘ಲೇಜಿ ಬೋನ್ಸ್’; ಮೈಗಳ್ಳ ಎಂದೇ ಅರ್ಥ. ಉದ್ದನೆಯ ತಂತಿಯೊಂದು ಅದರಿಂದ ಪೆಟ್ಟಿಗೆಯವರೆಗೆ ನಡುಮನೆಯಲ್ಲಿ ಹಾವಿನಂತೆ ಬಿದ್ದಿರುತ್ತಿತ್ತು, ಜನ ಎಡವುತ್ತಿದ್ದರು.

ತಂತಿ ಹೋಗಬೇಕಾಯಿತು. ಅದೇ ಕಂಪನಿಯ ಯೂಜೀನ್ ಪಾಲಿ ಎಂಬ ಎಂಜಿನಿಯರು 1955ರಲ್ಲಿ ಬೆಳಕನ್ನು ಬಳಸಿದ. ಪರದೆಯ ನಾಲ್ಕು ಮೂಲೆಗಳಲ್ಲಿ ಬೆಳಕನ್ನು ಗುರುತಿಸುವ ಕೋಶಗಳು, ಕೈಯಲ್ಲಿ ಪಿಸ್ತೂಲಿನ ಆಕಾರದ ಟಾರ್ಚು. ಒಂದು ಮೂಲೆಗೆ ಗುರಿಯಿಟ್ಟರೆ ವಾಹಿನಿ ಬದಲಾಗುವುದು, ಇನ್ನೊಂದಕ್ಕೆ ಇಟ್ಟರೆ ಧ್ವನಿ ಅಡಗುವುದು. ಕಂಪನಿಯ ಯಜಮಾನನಿಗೆ ಜಾಹೀರಾತುಗಳ ಮೇಲೆ ವಿಪರೀತ ದ್ವೇಷವಿತ್ತಂತೆ. ಅವುಗಳ ಬಾಯಿ ಮುಚ್ಚಿಸುವುದು ಈ ಉಪಕರಣದ ಒಂದು ಉದ್ದೇಶ. ಉಪಾಯ ಸೊಗಸಾಗಿತ್ತು. ಆದರೆ ಕಿಟಕಿಯಿಂದ ಬಿಸಿಲು ಬಿದ್ದಾಗ ಸೂರ್ಯನೇ ಬಂದು ವಾಹಿನಿ ಬದಲಿಸತೊಡಗಿದ.

ಮುಂದಿನ ವರ್ಷವೇ ರಾಬರ್ಟ್ ಆಡ್ಲರ್ ಬೆಳಕನ್ನು ಬಿಟ್ಟು ಶಬ್ದವನ್ನು ಹಿಡಿದ. 1913ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಅಲ್ಲಿಯೇ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಬಂದ ಯೆಹೂದಿ ಆತ. ಅವನ ರಿಮೋಟಿನಲ್ಲಿ ಬ್ಯಾಟರಿಯೇ ಇರಲಿಲ್ಲ. ಬ್ಯಾಟರಿ ಮುಗಿದರೆ ಜನ ಟೆಲಿವಿಷನ್ನೇ ಕೆಟ್ಟಿತೆಂದು ತಿಳಿದಾರು ಎಂಬುದು ಮಾರಾಟದವರ ಅಂಜಿಕೆ. ಆದ್ದರಿಂದ ಒಳಗೆ ನಾಲ್ಕು ಅಲ್ಯೂಮಿನಿಯಂ ಸರಳುಗಳು. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆಯೊಂದು ಸರಳನ್ನು ತಟ್ಟುವುದು. ಮನುಷ್ಯರ ಕಿವಿಗೆ ನಿಲುಕದ ಅತಿ ಮೇಲಿನ ಸ್ವರವೊಂದು ಹೊರಡುವುದು. ಸರಳಿಗೊಂದು ಸ್ವರ, ಸ್ವರಕ್ಕೊಂದು ಆಜ್ಞೆ. ನಮ್ಮ ಜಲತರಂಗದ ದೂರದ ನೆಂಟನೆನ್ನಬಹುದು. ಆ ಸ್ವರವನ್ನು ಗುರುತಿಸಲು ಟೆಲಿವಿಷನ್ನಿನೊಳಗೆ ಇನ್ನೂ ಆರು ವಾಲ್ವುಗಳು ಬೇಕಾಗಿ ಬೆಲೆ ಸುಮಾರು ಶೇಕಡಾ 30ರಷ್ಟು ಏರಿತು. ಆದರೂ ಈ ಶಬ್ದದ ಪದ್ಧತಿ ಕಾಲು ಶತಮಾನ ಬಾಳಿತು. ಇದಕ್ಕೂ ಒಂದು ಕೊರತೆಯಿತ್ತು: ಬೀಗದ ಕೈಗೊಂಚಲು ಝಣತ್ಕರಿಸಿದರೂ ಕೆಲವೊಮ್ಮೆ ವಾಹಿನಿ ಬದಲಾಗುತ್ತಿತ್ತು.

ಕೊನೆಗೆ, 1980ರ ಆಸುಪಾಸಿನಲ್ಲಿ, ಮತ್ತೆ ಬೆಳಕಿಗೇ ಮರಳಿದರು. ಆದರೆ ಈ ಸಲ ಕಾಣದ ಬೆಳಕು. 1800ರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಲ್ಲಿ ಹಾಯಿಸಿ, ಕೆಂಪಿನ ಆಚೆ ಬರಿಗತ್ತಲೆಯಲ್ಲಿಟ್ಟ ಥರ್ಮಾಮೀಟರು ಏರುವುದನ್ನು ಕಂಡು ಗುರುತಿಸಿದ ಅವಕೆಂಪು ಕಿರಣ. ಬಿಸಿಲಿನಲ್ಲಿಯೂ ಈ ಕಿರಣ ಧಾರಾಳವಾಗಿದೆಯಲ್ಲ, ಪಾಲಿಯ ತೊಂದರೆ ಮತ್ತೆ ಬರಬೇಡವೆ? ಬರಲಿಲ್ಲ. ರಿಮೋಟಿನ ದೀಪ ಸುಮ್ಮನೆ ಉರಿಯುವುದಿಲ್ಲ. ಬಹುಪಾಲು ರಿಮೋಟುಗಳಲ್ಲಿ ಸೆಕೆಂಡಿಗೆ 38,000 ಸಲದಂತೆ ಮಿಡಿಯುತ್ತದೆ. ಟೆಲಿವಿಷನ್ನಿನ ಕಣ್ಣು ಆ ಮಿಡಿತಕ್ಕೆ ಮಾತ್ರ ಓಗೊಡುತ್ತದೆ. ಸೂರ್ಯ ಮಿಡಿಯುವುದಿಲ್ಲವಾದ್ದರಿಂದ ಅವನ ಮಾತು ನಡೆಯುವುದಿಲ್ಲ.

ಈ 38,000 ಎಲ್ಲಿಂದ ಬಂತು ಎಂಬುದು ನನಗೆ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದ ಭಾಗ. ಮೀಡಿಯಂ ವೇವ್ ರೇಡಿಯೊ ಯಾವ ನಿಲಯವನ್ನು ಹಿಡಿದರೂ ತನ್ನ ಒಡಲಿನಲ್ಲಿ ಅದನ್ನು ಮೊದಲು ಒಂದು ಗೊತ್ತಾದ ಆವರ್ತಾಂಕಕ್ಕೆ ಇಳಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಅದು 455 ಕಿಲೊಹರ್ಟ್ಸ್. ಆ ಅಳತೆಯ ಪಿಂಗಾಣಿ ಬಿಲ್ಲೆಗಳು ರೇಡಿಯೊಗಳಿಗಾಗಿ ಲೆಕ್ಕವಿಲ್ಲದಷ್ಟು ತಯಾರಾಗುತ್ತಿದ್ದುದರಿಂದ ಅಗ್ಗವಾಗಿ ದೊರೆಯುತ್ತಿದ್ದವು. ರಿಮೋಟಿನವರು ಅವನ್ನೇ ಎತ್ತಿಕೊಂಡರು. 455ನ್ನು 12ರಿಂದ ಭಾಗಿಸಿ ನೋಡಿ: 38ಕ್ಕೆ ಕೂದಲೆಳೆಯಷ್ಟು ಕಡಿಮೆ. ಟೆಲಿವಿಷನ್ನು ಬಂದು ರೇಡಿಯೊವನ್ನು ಮೂಲೆಗೆ ತಳ್ಳಿತೆಂದು ಕೊರಗುವವರು ಇದನ್ನು ಗಮನಿಸಬೇಕು.

ನಮ್ಮಲ್ಲಿ ಇದಾವುದರ ಅಗತ್ಯವೂ ಬಹುಕಾಲ ಬೀಳಲಿಲ್ಲ. ಬೆಂಗಳೂರಿನಲ್ಲಿ ದೂರದರ್ಶನ ಬಂದದ್ದು 1981ರಲ್ಲಿ, ಬಣ್ಣ ಬಂದದ್ದು 1982ರಲ್ಲಿ. ಇದ್ದ ಒಂದೇ ವಾಹಿನಿಯನ್ನು ಬದಲಿಸುವುದು ಯಾವುದಕ್ಕೆ? ಎದ್ದು ಹೋಗಿ ಗುಬುಟು ತಿರುಗಿಸುವುದಕ್ಕೆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. ನಮ್ಮ ಮನೆಯ ರಿಮೋಟು ನಾನೇ ಆಗಿದ್ದೆ. 1991ರ ಅನಂತರ ಉಪಗ್ರಹದ ವಾಹಿನಿಗಳೂ ಕೇಬಲ್ಲೂ ಬಂದ ಮೇಲಷ್ಟೆ ಈ ಸಾಧನ ಮನೆಯ ಅಧಿಕಾರದಂಡವಾಯಿತು.

ಇನ್ನು ಬಿಚ್ಚಿದ ಮಾತು. ಸೆಲ್ಲುಗಳು ಸೋರಿ ಸ್ಪ್ರಿಂಗಿನ ಮೇಲೆ ಬಿಳಿ-ಹಸಿರು ಕಿಲುಬು ಕಟ್ಟಿತ್ತು. ಎಲ್ಲಿಯೋ ಓದಿದ್ದನ್ನು ನೆನೆದು ನಿಂಬೆರಸ ಹಚ್ಚಿದೆ. ಅದು ನನ್ನ ಮೊದಲ ತಪ್ಪು. ಆಲ್ಕಲೈನ್ ಸೆಲ್ಲು ಸೋರಿದರೆ ಹೊರಬರುವುದು ಕ್ಷಾರ, ಅದಕ್ಕೆ ನಿಂಬೆರಸ ಸರಿ. ನನ್ನವು ಅಗ್ಗದ ಸತುವಿನ ಸೆಲ್ಲುಗಳು. ಅವುಗಳಲ್ಲಿ ಸತುವಿನ ಡಬ್ಬಿಯೇ ವಿದ್ಯುತ್ತಿಗೆ ಉಣಿಸಾಗಿ ಸವೆಯುತ್ತ ಹೋಗುತ್ತದೆ, ಕೊನೆಗೆ ತೂತಾಗಿ ಹುಳಿಗುಣದ ಲವಣದ ನೀರು ಒಸರುತ್ತದೆ. ಹುಳಿಗೆ ಹುಳಿ ಹಿಂಡಿದ ಹಾಗಾಯಿತು. ಅದನ್ನು ಒರೆಸಿ, ಅಡುಗೆ ಸೋಡಾ ಕಲಸಿದ ಹತ್ತಿಯಿಂದ ಉಜ್ಜಿ, ಸ್ಪಿರಿಟ್ಟಿನಿಂದ ತೊಳೆದು, ಹೊಸ ಸೆಲ್ಲು ಹಾಕಿದೆ.

ಕಾಣದ ಬೆಳಕನ್ನು ಕಾಣಲು ಹರ್ಷೆಲನ ಥರ್ಮಾಮೀಟರು ಬೇಡ. ಮೊಬೈಲಿನ ಕ್ಯಾಮೆರಾ ಸಾಕು. ಹಿಂದಿನದು ಈ ಕಿರಣವನ್ನು ಸೋಸಿಬಿಡುವುದುಂಟು, ಮುಂದಿನದೇ ವಾಸಿ. ಅದರ ಎದುರಿಗೆ ರಿಮೋಟು ಹಿಡಿದು ಗುಂಡಿ ಒತ್ತಿದೆ. ಮೊಬೈಲಿನಲ್ಲಿ ನಸುನೇರಳೆಯ ಕಿಡಿಯೊಂದು ಮಿನುಗಿತು. ಬಿಲ್ಲೆ ಒಡೆದಿಲ್ಲ, ದೀಪ ಸತ್ತಿಲ್ಲ. ಆದರೆ ಧ್ವನಿ ಏರಿಸುವ ಗುಂಡಿಗೆ ಮಾತ್ರ ಕಿಡಿ ಬರಲಿಲ್ಲ.

ಮೇಲಿನ ಮುಚ್ಚಳವನ್ನು ಅಡುಗೆಮನೆಯ ಮೊಂಡು ಚಾಕುವಿನಿಂದ ಮೀಟಿ ತೆಗೆದೆ. ರಬ್ಬರಿನ ಹಾಳೆಯ ತಳದಲ್ಲಿ ಪ್ರತಿ ಗುಂಡಿಗೂ ಕರಿ ಇಂಗಾಲದ ಒಂದೊಂದು ಬೊಟ್ಟು. ಅದು ಹಲಗೆಯ ಮೇಲಿನ ಎರಡು ಗೆರೆಗಳನ್ನು ಮುಟ್ಟಿ ಕೂಡಿಸಿದಾಗಲೇ ಆಜ್ಞೆ ಹೊರಡುವುದು. ಧ್ವನಿಯ ಗುಂಡಿಯ ಬೊಟ್ಟು ಸವೆದು ಮಾಸಿತ್ತು. ಇತರ ಗುಂಡಿಗಳಲ್ಲಿ ಅಷ್ಟೊಂದು ಸವೆತವಿರಲಿಲ್ಲ. ಕಿವಿಯೂ ಮಂದವಾಗುತ್ತಿದೆಯೆಂಬುದನ್ನು ಅಮ್ಮ ನಮಗಾರಿಗೂ ಹೇಳಿರಲಿಲ್ಲ. ಪೆನ್ಸಿಲ್ಲಿನ ಸೀಸವನ್ನು ಬೊಟ್ಟಿಗೆ ತಿಕ್ಕಿದೆ. ನಾಲ್ಕು ದಿನ ನಡೆದು ನಿಂತಿತು. ಆಮೇಲೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯಿಂದ ಎಳ್ಳಿಗಿಂತ ತುಸು ದೊಡ್ಡದೊಂದು ಬಿಲ್ಲೆ ಕತ್ತರಿಸಿ ಗೋಂದಿನಿಂದ ಅಂಟಿಸಿದೆ.

ರಿಮೋಟನ್ನು ಅಮ್ಮನ ಕೈಗಿಟ್ಟಾಗ ಅವರು ಮೊದಲು ಅದರ ಅಂಚನ್ನು ಸವರಿ, “ಎಲ್ಲ ಇದೆಯಲ್ಲವೇನೋ, ಏನೂ ಮಿಕ್ಕಿಸಿಲ್ಲವಷ್ಟೆ?” ಎಂದರು. ಸ್ಕ್ರೂ ಒಂದು ಮಿಕ್ಕಿತ್ತು, ಹೇಳಲಿಲ್ಲ. ಹೆಬ್ಬೆರಳು ತನ್ನ ಜಾಗ ಹುಡುಕಿಕೊಂಡಿತು. ಧ್ವನಿ ಏರಿತು, ಇನ್ನಷ್ಟು ಏರಿತು, ಪಕ್ಕದ ಮನೆಯವರು ಕಿಟಕಿ ಮುಚ್ಚುವಷ್ಟು ಏರಿತು. ಮರುದಿನ ನಾನು ಕಿವಿಯ ವೈದ್ಯರ ಬಳಿ ದಿನ ಗೊತ್ತುಮಾಡಿಕೊಂಡು ಬಂದೆ.