ಕೋಲಿನ ಪೋಲೀಸು, ಕೋವಿಯ ಪೋಲೀಸು

ಕೆರಳಿದ ಜನಸಮೂಹವು ಎದುರು ನಿಂತಾಗ ಪೋಲೀಸಿನವನ ಕೈಯಲ್ಲಿ ಏನಿರಬೇಕು? ಈ ಪ್ರಶ್ನೆಗೆ ಒಂದೊಂದು ದೇಶವು ಒಂದೊಂದು ಉತ್ತರವನ್ನು ಕೊಟ್ಟಿದೆ. ಆ ಭೇದಕ್ಕೆ ಆಯಾ ಜನರ ಸ್ವಭಾವವೇ ಕಾರಣವೆಂದು ಹೇಳುವುದು ವಾಡಿಕೆ. ಚರಿತ್ರೆಯು ಬೇರೊಂದು ಕಾರಣವನ್ನು ತೋರಿಸುತ್ತದೆ. ಅದನ್ನು ಈ ಹೊತ್ತು ವಿಚಾರ ಮಾಡೋಣ.

1819ನೆಯ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ ಮೈದಾನದಲ್ಲಿ ಪಾರ್ಲಿಮೆಂಟಿನ ಸುಧಾರಣೆಯನ್ನು ಬೇಡಿ ಸುಮಾರು 60,000 ಜನರು ನೆರೆದಿದ್ದರು. ಮ್ಯಾಜಿಸ್ಟ್ರೇಟರು ಅವರ ಮೇಲೆ ಕುದುರೆಯ ದಂಡನ್ನು ಬಿಟ್ಟರು. ಕತ್ತಿಯ ಏಟಿಗೂ ಕುದುರೆಗಳ ತುಳಿತಕ್ಕೂ ಸಿಕ್ಕಿ ಸುಮಾರು ಹದಿನೈದು ಮಂದಿ ಸತ್ತರು; ನೂರಾರು ಮಂದಿ ಗಾಯಗೊಂಡರು. ಇದಾದ ಹತ್ತು ವರ್ಷಗಳಿಗೆ, 1829ರಲ್ಲಿ, ಗೃಹಮಂತ್ರಿಯಾಗಿದ್ದ ರಾಬರ್ಟ್ ಪೀಲನು ಲಂಡನ್ನಿನ ಪೋಲೀಸನ್ನು ಸ್ಥಾಪಿಸಿದನು. ಸೈನ್ಯದ ಕೆಂಪನ್ನು ಬಿಟ್ಟು ನೀಲಿಯ ಉಡುಪು. ಕೋವಿಗೆ ಬದಲಾಗಿ ಮರದ ಗಿಡ್ಡ ಕೋಲು, ಅದೂ ಅಂಗಿಯ ಮರೆಯಲ್ಲಿ.

ಆದರೂ ಜನರು ಒಡನೆಯೇ ನಂಬಲಿಲ್ಲ. 1833ರಲ್ಲಿ ಕೋಲ್ಡ್‌ಬಾತ್ ಫೀಲ್ಡ್ಸ್ ಎಂಬಲ್ಲಿ ಪೋಲೀಸಿನವರು ಸಭೆಯೊಂದನ್ನು ಕೋಲುಗಳಿಂದ ಚದರಿಸುವಾಗ ರಾಬರ್ಟ್ ಕಲ್ಲಿ ಎಂಬ ಪೇದೆಯು ಇರಿತದಿಂದ ಸತ್ತನು. ಮರಣವಿಚಾರಣೆಗೆ ಕುಳಿತ ಪಂಚರು ಆ ಕೊಲೆಯನ್ನು ಕ್ಷಮ್ಯವೆಂದೇ ಸಾರಿದರು. ಚದರಿಹೋಗಿರೆಂದು ಜನರಿಗೆ ಮೊದಲು ಎಚ್ಚರಿಕೆ ಕೊಡಲಿಲ್ಲವೆಂಬುದು ಅವರು ಹೇಳಿದ ಕಾರಣಗಳಲ್ಲಿ ಒಂದು. ತೀರ್ಪು ಮುಂದೆ ರದ್ದಾಯಿತು; ಕಾರಣವು ಮಾತ್ರ ಉಳಿಯಿತು.

ಇದೇ ಪೀಲನು 1814ರಲ್ಲಿ, ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯಾಗಿದ್ದಾಗ, ಅಲ್ಲಿಯೂ ಒಂದು ದಳವನ್ನು ಕಟ್ಟಿದ್ದನು. ಅದರ ತರುವಾಯ ಬೆಳೆದು ಬಂದ ಐರಿಷ್ ಕಾನ್‌ಸ್ಟೆಬ್ಯುಲರಿಯು ಕೋವಿ ಹಿಡಿದಿತ್ತು, ಠಾಣ್ಯಗಳಲ್ಲಿ ವಾಸಿಸುತ್ತಿತ್ತು. ಅದರ ಪೇದೆಗೆ ಹುಟ್ಟೂರಿನ ಸೀಮೆಯಲ್ಲಿ ಕೆಲಸವಿಲ್ಲ. ಮನುಷ್ಯನೊಬ್ಬನೇ, ಕಾಲವೂ ಹೆಚ್ಚು ಕಡಮೆ ಒಂದೇ. ಆದರೆ ಲಂಡನ್ನಿನಲ್ಲಿ ಪ್ರಜೆಗಳನ್ನು ಒಪ್ಪಿಸಬೇಕಾಗಿತ್ತು, ಐರ್ಲೆಂಡಿನಲ್ಲಿ ಅಡಗಿಸಬೇಕಾಗಿತ್ತು. ಇಂದಿಗೂ ಉತ್ತರ ಐರ್ಲೆಂಡಿನ ಪೋಲೀಸಿನವರು ಪಿಸ್ತೂಲು ಧರಿಸುತ್ತಾರೆ. ಇಂಗ್ಲೆಂಡಿನ ಬಹುಪಾಲು ಪೇದೆಗಳು ಧರಿಸುವುದಿಲ್ಲ.

ನಮ್ಮ ನಾಡಿಗೆ ಬಂದುದು ಯಾವುದು? 1843ರಲ್ಲಿ ಸಿಂಧನ್ನು ಗೆದ್ದ ಚಾರ್ಲ್ಸ್ ನೇಪಿಯರನು ಐರ್ಲೆಂಡಿನ ಮಾದರಿಯನ್ನೇ ತಂದನು. 1861ರ ಪೋಲೀಸು ಕಾಯಿದೆಯು ಆ ಹಾದಿಯಲ್ಲಿಯೇ ನಡೆಯಿತು. ಅದರ ನೆರಳು ದೇಶೀಯ ಸಂಸ್ಥಾನಗಳ ಮೇಲೂ ಬಿದ್ದಿತು. 1938ನೆಯ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ನಿಷೇಧಾಜ್ಞೆಯನ್ನು ಮೀರಿ ಧ್ವಜವನ್ನು ಹಾರಿಸಲು ಕೂಡಿದ್ದ ಜನರ ಮೇಲೆ ಮೈಸೂರಿನ ಪೋಲೀಸಿನವರು ಗುಂಡು ಹಾರಿಸಿದರು. ಸತ್ತವರು ಮೂವತ್ತಕ್ಕೂ ಹೆಚ್ಚೆಂದು ಜನರ ಲೆಕ್ಕ; ಸರ್ಕಾರದ ಲೆಕ್ಕವು ಅದಕ್ಕಿಂತ ಬಹಳ ಕಡಮೆ. ಮರು ತಿಂಗಳು ದಿವಾನ್ ಮಿರ್ಜಾ ಇಸ್ಮಾಯಿಲರೂ ವಲ್ಲಭಭಾಯಿ ಪಟೇಲರೂ ಮಾತನಾಡಿದರು. ಸಂಸ್ಥಾನದ ಬಾವುಟದ ಜೊತೆಗೆ ಆ ಧ್ವಜವೂ ಹಾರಬಹುದೆಂದು ಒಪ್ಪಂದವಾಯಿತು. ಈ ಮಾತು ಒಂದು ತಿಂಗಳು ಮೊದಲೇ ನಡೆಯಬಾರದಾಗಿತ್ತೆ? ಮಡಿದವರ ಮನೆಯವರು ಕೇಳುವ ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ.

ಜನರ ಗುಂಪಿಗೆ ಹೇಳಿದ ಈ ಮಾತು ಒಬ್ಬಂಟಿಯಾಗಿ ಓಡುವವನಿಗೂ ಸಲ್ಲಬೇಕು. 1974ರಲ್ಲಿ ಅಮೆರಿಕಾದ ಮೆಂಫಿಸ್ ನಗರದಲ್ಲಿ ಹದಿನೈದು ವರ್ಷದ ನಿರಾಯುಧ ಹುಡುಗನೊಬ್ಬನು ಬೇಲಿಯನ್ನು ಹತ್ತಿ ಓಡುವಾಗ ಪೋಲೀಸಿನ ಗುಂಡಿಗೆ ಬಲಿಯಾದನು. ಅವನ ಬಳಿ ಸಿಕ್ಕಿದುದು ಒಂದು ಕೈಚೀಲ, ಹತ್ತು ಡಾಲರು. ಆ ರಾಜ್ಯದ ಕಾನೂನು ಅದಕ್ಕೆ ಎಡೆಗೊಟ್ಟಿತ್ತು. 1985ರಲ್ಲಿ ಶ್ರೇಷ್ಠ ನ್ಯಾಯಾಲಯವು, ಪರರ ಜೀವಕ್ಕೆ ಅಪಾಯವಿಲ್ಲದಿದ್ದಲ್ಲಿ ಓಡುವವನನ್ನು ಕೊಲ್ಲಲಾಗದೆಂದು ತೀರ್ಮಾನಿಸಿತು. 1990ರಲ್ಲಿ ಹವಾನಾದಲ್ಲಿ ಕೂಡಿದ ವಿಶ್ವಸಂಸ್ಥೆಯ ಸಮ್ಮೇಳನವು ಇನ್ನೂ ಮುಂದೆ ಹೋಗಿ, ಅಹಿಂಸೆಯ ಉಪಾಯಗಳನ್ನು ಮೊದಲು ನೋಡಬೇಕು, ಬಲವು ಅಗತ್ಯವನ್ನು ಮೀರಬಾರದು, ಗುಂಡಿಗೆ ಮುಂಚೆ ಎಚ್ಚರಿಕೆಯಿರಬೇಕು ಎಂದು ವಿಧಿಸಿತು.

ಭಾರತದ ಕಾನೂನಿನಲ್ಲಿಯೂ ಮೊದಲು ಚದರುವಂತೆ ಅಪ್ಪಣೆ, ಆಮೇಲೆ ಬಲವೆಂಬ ಕ್ರಮವೇ ಇದೆ. ಕೊರತೆಯು ಕಾನೂನಿನ ಮಾತಿನಲ್ಲಲ್ಲ, ರೂಢಿಯಲ್ಲಿ. ಪೇದೆಗೆ ಗುರಿಯಿಡುವುದನ್ನು ಕಲಿಸುವಷ್ಟು ಶ್ರದ್ಧೆಯಿಂದ, ಕಾಯುವುದನ್ನೂ ಸಮಾಧಾನದ ಮಾತನ್ನಾಡುವುದನ್ನೂ ಕಲಿಸಬೇಕು. ಹಾರಿದ ಪ್ರತಿಯೊಂದು ಗುಂಡಿಗೂ ಪ್ರಜೆಗಳ ಮುಂದೆ ಲೆಕ್ಕ ಒಪ್ಪಿಸಬೇಕು. ಪ್ರಜೆಗಳೇ ಪ್ರಭುಗಳಾದ ನಾಡಿನಲ್ಲಿ ಐರ್ಲೆಂಡಿನ ಹಳೆಯ ಮಾದರಿಯನ್ನು ಇಟ್ಟುಕೊಳ್ಳಲು ನಮಗೆ ಕಾರಣವೇನೂ ಉಳಿದಿಲ್ಲ.