ಮಣ್ಣುಕೆಲಸ ಮತ್ತು ರಸ್ತೆ ಯಂತ್ರಗಳು (ಮುಂಬಯಿ)

ನೆಲ ಅಗೆದು, ಮಣ್ಣು ಸರಿಸಿ, ಜಲ್ಲಿ ಹಾಸಿ ದಿಮ್ಮಸು ಮಾಡುವ ಯಂತ್ರಗಳು ಮುಂಬಯಿಗೆ ಒಟ್ಟಿಗೆ ಬಂದವಲ್ಲ. ರೋಡ್ ರೋಲರ್ ಮೊದಲು ಬಂತು. ಬುಲ್ಡೋಜರು ದೊಡ್ಡ ಸಂಖ್ಯೆಯಲ್ಲಿ ಸಿಕ್ಕಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ.

ಅದಕ್ಕೂ ಹಿಂದಿನ ಕಥೆ ಮುಂಬಯಿಯ ಬೈಕುಲ್ಲಾ ಬಡಾವಣೆಯ ನೆಲದಲ್ಲೇ ಇದೆ. ಇದು ತಗ್ಗು ಪ್ರದೇಶ. ಭರತದ ಹೊತ್ತಿಗೆ ಸಮುದ್ರದ ನೀರು ಒಳಗೆ ಬರುತ್ತಿತ್ತು. 1784ರ ಸುಮಾರಿಗೆ ಆ ನೀರನ್ನು ತಡೆಯುವ ಹಾರ್ನ್‌ಬಿ ವೆಲ್ಲಾರ್ಡ್ ಒಡ್ಡು ಮುಗಿದ ಮೇಲೆ ತಗ್ಗುಗಳನ್ನು ತುಂಬುವ ಕೆಲಸ ಹತ್ತೊಂಬತ್ತನೇ ಶತಮಾನದುದ್ದಕ್ಕೂ ನಡೆಯಿತು. ಗುದ್ದಲಿ, ಹಾರೆ, ಬುಟ್ಟಿ, ಎತ್ತಿನ ಗಾಡಿ: ಸಲಕರಣೆ ಇಷ್ಟೇ. ಕಟ್ಟಡ, ಮಣ್ಣುಕೆಲಸಕ್ಕೆ ತೆಲಂಗಾಣದಿಂದ ಬಂದ ಕಾಮಾಠಿಗಳ ಹೆಸರು ಪಕ್ಕದ ಕಾಮಾಠಿಪುರಕ್ಕೆ ಅಂಟಿಕೊಂಡಿದೆ. 1896ರ ಪ್ಲೇಗಿನ ನಂತರ 1898ರಲ್ಲಿ ಹುಟ್ಟಿದ ನಗರ ಸುಧಾರಣಾ ಟ್ರಸ್ಟು ಮೊದಮೊದಲು ಕೈಹಾಕಿದ ಬಡಾವಣೆಗಳಲ್ಲಿ ಬೈಕುಲ್ಲಾಕ್ಕೆ ತಾಗಿದ ನಾಗಪಾಡಾವೂ ಒಂದು. ಕನ್ನಡ ನಾಡಿನಲ್ಲಿ ಮಣ್ಣುಕೆಲಸ ಒಡ್ಡರ ಕಸುಬು. ಕೆರೆ ಏರಿಯಿಂದ ರೈಲುಹಾದಿಯವರೆಗೆ ಮಣ್ಣು ಹೊತ್ತವರು ಅವರು.

ಉಗಿ ರೋಲರನ್ನು 1860ರ ದಶಕದಲ್ಲಿ ಇಂಗ್ಲೆಂಡಿನ ರಾಚೆಸ್ಟರಿನಲ್ಲಿ ಥಾಮಸ್ ಏವ್ಲಿಂಗ್ ತಯಾರಿಸಿ ಮಾರಾಟಕ್ಕೆ ತಂದ. ಅಗೆಯುವ ಯಂತ್ರಕ್ಕಿಂತ ಇದು ಮೊದಲು ಇಲ್ಲಿ ನೆಲೆಯೂರಿದ್ದಕ್ಕೆ ಕಾರಣ ಸರಳ. ಕೂಲಿ ಅಗ್ಗವಿದ್ದಲ್ಲಿ ಅಗೆಯಲು ನೂರು ಆಳು ಸಾಕು. ಆದರೆ ನೂರು ಆಳು ಸೇರಿದರೂ ಎಂಟು ಹತ್ತು ಟನ್ನಿನ ಭಾರ ಒಂದು ಗೆರೆಯ ಮೇಲೆ ಕೂರುವುದಿಲ್ಲ. ಜಲ್ಲಿಯ ಮೇಲೆ ಮೊರಂ ಎರಚಿ, ನೀರು ಹನಿಸಿ, ಮುಂದೊಂದು ಹಿಂದೆರಡು ಉಕ್ಕಿನ ಚಕ್ರ ಹತ್ತಾರು ಸಲ ಹೋಗಿ ಬಂದರೆ ರಸ್ತೆ ಗಟ್ಟಿ. ಡಾಂಬರು ಬಂದ ಮೇಲೆ ಚಕ್ರಕ್ಕೆ ಒದ್ದೆ ಗೋಣಿ ತಾಗಿಸುವುದು ರೂಢಿಯಾಯಿತು. ಇಲ್ಲದಿದ್ದರೆ ಹಾಸಿದ್ದೆಲ್ಲ ಚಕ್ರಕ್ಕೇ ಮೆತ್ತಿಕೊಂಡು ಎದ್ದು ಬರುತ್ತದೆ.

ಬೈಕುಲ್ಲಾದಲ್ಲಿ ಕಬ್ಬಿಣದ ಕೆಲಸಕ್ಕೆ ಬರವಿರಲಿಲ್ಲ. 1858ರಲ್ಲಿ ಆರಂಭವಾದ ರಿಚರ್ಡ್‌ಸನ್ ಅಂಡ್ ಕ್ರುಡಾಸ್‌ನ ಕಾರ್ಖಾನೆ ಅಲ್ಲಿತ್ತು. ಆದರೆ ಅದು ಹೆಸರಾದದ್ದು ಕಟ್ಟಡ, ಸೇತುವೆಗಳ ಉಕ್ಕಿಗೆ. ಬುಲ್ಡೋಜರು ಊರಿಗೆ ಬಂದ ದಾರಿ ಕಾರ್ಖಾನೆಯದಲ್ಲ, ವ್ಯಾಪಾರದ್ದು. ಡೆನ್ಮಾರ್ಕಿನ ಹೆನ್ನಿಂಗ್ ಹಾಲ್ಕ್-ಲಾರ್ಸೆನ್ ಮತ್ತು ಸೋರೆನ್ ಟೂಬ್ರೊ 1938ರಲ್ಲಿ ಮುಂಬಯಿಯಲ್ಲಿ ಪಾಲುದಾರಿಕೆ ಆರಂಭಿಸಿದ್ದರು. ಯುದ್ಧ ಮುಗಿದಾಗ ಸೇನೆಗೆ ಬೇಡವಾದ ಕ್ಯಾಟರ್‌ಪಿಲ್ಲರ್ ಯಂತ್ರಗಳು ಅಗ್ಗದ ಬೆಲೆಗೆ ಮಾರಾಟಕ್ಕೆ ಬಂದವು. ಕೊಳ್ಳುವಷ್ಟು ಬಂಡವಾಳ ಪಾಲುದಾರರ ಕೈಯಲ್ಲಿರಲಿಲ್ಲ. ಆ ಹಣ ಹೊಂದಿಸಲೆಂದೇ 1946ರ ಫೆಬ್ರುವರಿ 7ರಂದು ಲಾರ್ಸೆನ್ ಅಂಡ್ ಟೂಬ್ರೊ ಪ್ರೈವೇಟ್ ಲಿಮಿಟೆಡ್ ಆಯಿತು. ಅಂದರೆ ಇಂದಿನ ದೈತ್ಯ ಕಂಪನಿಯ ಹುಟ್ಟಿಗೆ ಯುದ್ಧದ ಹಳೇ ಸಾಮಾನೂ ಒಂದು ಕಾರಣ.

ಆ ಕಾಲದ ಕ್ಯಾಟರ್‌ಪಿಲ್ಲರ್ ಡೀಸೆಲ್ ಟ್ರ್ಯಾಕ್ಟರನ್ನು ಎಬ್ಬಿಸುವುದೇ ಒಂದು ಕೆಲಸ. ದೊಡ್ಡ ಎಂಜಿನ್ನಿನ ಪಕ್ಕದಲ್ಲಿ ಪೆಟ್ರೋಲಿನ ಮರಿ ಎಂಜಿನ್ನು ಇರುತ್ತಿತ್ತು. ಅದನ್ನು ಮೊದಲು ಚಾಲೂ ಮಾಡಿ, ಅದರ ಬಿಸಿಯಿಂದ ದೊಡ್ಡದನ್ನು ಕಾಯಿಸಿ, ಆಮೇಲೆ ಕ್ಲಚ್ಚು ಹಾಕಿ ತಿರುಗಿಸಬೇಕು. ಮುಂದಿನ ಬ್ಲೇಡನ್ನು ಎಷ್ಟೋ ಯಂತ್ರಗಳಲ್ಲಿ ಎತ್ತುತ್ತಿದ್ದುದು ಉಕ್ಕಿನ ಹಗ್ಗ. ಹಗ್ಗ ಎತ್ತಬಲ್ಲದೇ ಹೊರತು ಕೆಳಕ್ಕೆ ಒತ್ತಲಾರದು. ಬ್ಲೇಡು ನೆಲಕ್ಕಿಳಿಯುತ್ತಿದ್ದುದು ತನ್ನ ತೂಕದಿಂದಲೇ. ಹೈಡ್ರಾಲಿಕ್ ವ್ಯವಸ್ಥೆ ಈ ಕೊರತೆ ನೀಗಿಸಿತು.

ಯಂತ್ರ ಬಂತೆಂದು ಕೈಕೆಲಸ ನಿಲ್ಲಲಿಲ್ಲ. 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ಮುಖ್ಯವಾಗಿ ಗಾರೆಯಲ್ಲಿ ಕೂರಿಸಿದ ಕಲ್ಲುಕಟ್ಟಡ.

ದೇಶದಲ್ಲೇ ತಯಾರಿಸುವ ಯತ್ನಕ್ಕೆ ಕರ್ನಾಟಕ ನೆಲೆಯಾಯಿತು. 1964ರ ಮೇನಲ್ಲಿ ರಕ್ಷಣಾ ಇಲಾಖೆಯಡಿ ಬೆಂಗಳೂರಿನಲ್ಲಿ ಭಾರತ್ ಅರ್ತ್ ಮೂವರ್ಸ್, ಜನರ ಬಾಯಲ್ಲಿ ಬೆಮೆಲ್, ಸ್ಥಾಪನೆಯಾಯಿತು. ಗಡಿ ರಸ್ತೆ ಸಂಸ್ಥೆ 1960ರಲ್ಲೇ ಕೆಲಸ ಶುರು ಮಾಡಿದ್ದರಿಂದ ಬೇಡಿಕೆ ಕಾದಿತ್ತು. ಜಪಾನಿನ ಕೊಮಾತ್ಸು ತಾಂತ್ರಿಕ ನೆರವು ಕೊಟ್ಟಿತು. ಡೋಜರುಗಳು ಕೆಜಿಎಫ್ ಕಾರ್ಖಾನೆಯಿಂದ ಹೊರಬಿದ್ದವು. ಅತ್ತ ಲಾರ್ಸೆನ್ ಅಂಡ್ ಟೂಬ್ರೊ ಕೂಡ ಬೆಂಗಳೂರಿನಲ್ಲಿ ಅಗೆಯುವ ಯಂತ್ರ ತಯಾರಿಸತೊಡಗಿ, 1998ರಲ್ಲಿ ಅದೇ ಕೊಮಾತ್ಸು ಜೊತೆ ಪಾಲುದಾರಿಕೆ ಮಾಡಿಕೊಂಡಿತು.