ಕುಣಿತದ ಲಯವೂ ದೇವಾಲಯದ ಗಾನವೂ

ಶತಮಾನೋತ್ಸವವೆಂದರೆ ಒಂದು ಧರ್ಮಕೇಂದ್ರದ ಪಾಲಿಗೆ ಕೃತಜ್ಞತೆಯ ಪರ್ವಕಾಲ. ದೇವಾಲಯಕ್ಕೆ ಸುಣ್ಣಬಣ್ಣವಾಗುತ್ತದೆ, ಅಗಲಿದ ಹಿರಿಯರ ಸ್ಮರಣೆಯಾಗುತ್ತದೆ, ತೇರು ಸಿಂಗಾರಗೊಳ್ಳುತ್ತದೆ. ಈ ಸಂಭ್ರಮದ ನಡುವೆ ಗಾಯನವೃಂದದವರೂ ಬ್ಯಾಂಡಿನವರೂ ಒಂದು ಪ್ರಶ್ನೆಯನ್ನು ಎದುರಿಸಲೇಬೇಕಾಗುತ್ತದೆ: ಏನನ್ನು ಹಾಡೋಣ, ಏನನ್ನು ನುಡಿಸೋಣ? ಹಬ್ಬಕ್ಕೆ ಗೆಲುವಿನ ಹಾಡು ಬೇಕು, ಕಾಲು ತಾನಾಗಿ ತಾಳ ಹಾಕಬೇಕು ಎಂದು ತರುಣರು ಹೇಳುತ್ತಾರೆ. ದೇವಾಲಯವೇನು ಮದುವೆಯ ಹಂದರವೆ ಎಂದು ಹಿರಿಯರು ಕೇಳುತ್ತಾರೆ. ಹಲಗೇರಿಯಿಂದ ಬ್ಯಾಡಗಿ, ಹಾವೇರಿಗಳವರೆಗೆ ಹರಡಿರುವ ನಮ್ಮ ಈ ಸೀಮೆಯಲ್ಲಿ ಮಾತ್ರ ಹುಟ್ಟಿದ ವಾದವಲ್ಲ ಇದು. ಇದಕ್ಕೆ ಧರ್ಮಸಭೆಯಷ್ಟೇ ದೀರ್ಘವಾದ ಚರಿತ್ರೆಯಿದೆ. ಆ ಚರಿತ್ರೆಯನ್ನು ಸ್ವಲ್ಪಮಟ್ಟಿಗೆ ಅರಿತರೆ ಆಯ್ಕೆಯ ಕೆಲಸ ಸುಗಮವಾದೀತೆಂಬ ನಂಬಿಕೆಯಿಂದ ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇನೆ.

ಪವಿತ್ರ ಗ್ರಂಥದ ಸಾಕ್ಷ್ಯ

ಕೆಂಪು ಸಮುದ್ರವನ್ನು ದಾಟಿದ ಜನರ ಮೊದಲ ಸ್ತೋತ್ರಗೀತೆ ಕುಣಿತದೊಡನೆಯೇ ಹುಟ್ಟಿತು. ಮಿರ್ಯಾಮಳು ದಮ್ಮಡಿಯನ್ನು ಕೈಗೆತ್ತಿಕೊಂಡಳೆಂದೂ ಸ್ತ್ರೀಯರೆಲ್ಲ ಕುಣಿಯುತ್ತ ಅವಳ ಹಿಂದೆ ಹೊರಟರೆಂದೂ ವಿಮೋಚನಕಾಂಡದ 15ನೆಯ ಅಧ್ಯಾಯ ಹೇಳುತ್ತದೆ. ಕೀರ್ತನೆಗಳ ಗ್ರಂಥದ ಕೊನೆಯ ಕೀರ್ತನೆಯಾದ 150ನೆಯದು ತುತ್ತೂರಿ, ವೀಣೆ, ಕೊಳಲು, ತಾಳಗಳ ಜೊತೆಗೆ ನಾಟ್ಯವನ್ನೂ ದೇವಸ್ತುತಿಯ ಸಾಧನವೆಂದು ಎಣಿಸುತ್ತದೆ. ಇವೆಲ್ಲಕ್ಕಿಂತ ಬೋಧಪ್ರದವಾದುದು ದಾವೀದ ಅರಸನ ಪ್ರಸಂಗ. ಒಡಂಬಡಿಕೆಯ ಮಂಜೂಷವನ್ನು ಯೆರೂಸಲೇಮಿಗೆ ತರುವಾಗ ಆತನು ಸಾಮಾನ್ಯರ ನಡುವೆ ತಾನೂ ಮೈಮರೆತು ಕುಣಿದನು. ಅದನ್ನು ಕಿಟಕಿಯಿಂದ ನೋಡಿದ ರಾಣಿ ಮೀಕಲಳು ಮನಸ್ಸಿನಲ್ಲಿ ಅವನನ್ನು ಹೀನೈಸಿದಳು. ತಾನು ಕುಣಿದದ್ದು ಪ್ರಭುವಿನ ಮುಂದೆ ಎಂಬುದೇ ದಾವೀದನ ಉತ್ತರವಾಗಿತ್ತು. ಯಾರ ಮುಂದೆ, ಯಾವ ಮನಸ್ಸಿನಿಂದ ಎಂಬ ಈ ಪ್ರಶ್ನೆಯೇ ಮುಂದಿನ ಎಲ್ಲ ವಾದಗಳ ಬೇರು.

ಕುಣಿತದಿಂದ ಬಂದ ಕ್ರಿಸ್ತಜಯಂತಿಯ ಹಾಡುಗಳು

ಕ್ರಿಸ್ತಜಯಂತಿಯ ‘ಕ್ಯಾರಲ್’ ಎಂಬ ಶಬ್ದವೇ ಕುಣಿತದಿಂದ ಬಂದದ್ದೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಮಧ್ಯಯುಗದ ಫ್ರಾನ್ಸಿನಲ್ಲಿ ‘ಕರೋಲ್’ ಎಂದರೆ ಕೈಕೈ ಹಿಡಿದು ವೃತ್ತಾಕಾರವಾಗಿ ಕುಣಿಯುವ ಆಟ. ಮುಂದಾಳು ನುಡಿಯನ್ನು ಹಾಡಿದರೆ ಸುತ್ತಲಿನವರು ಪಲ್ಲವಿಯನ್ನು ಎತ್ತಿಕೊಳ್ಳುವರು. ನಮ್ಮ ಕೋಲಾಟದಲ್ಲಿಯೂ ಭಜನೆಯ ಮೇಳದಲ್ಲಿಯೂ ಇರುವುದು ಇದೇ ಕ್ರಮವಲ್ಲವೆ?

1589ರಲ್ಲಿ ಫ್ರಾನ್ಸಿನ ಲಾಂಗ್ರ ನಗರದಲ್ಲಿ ‘ಆರ್ಕೆಸೋಗ್ರಫಿ’ ಎಂಬ ಗ್ರಂಥವೊಂದು ಪ್ರಕಟವಾಯಿತು. ಗುರುಶಿಷ್ಯರ ಸಂವಾದದ ರೂಪದಲ್ಲಿ ಅಂದಿನ ಕುಣಿತಗಳ ಹೆಜ್ಜೆಯನ್ನೂ ಸ್ವರವನ್ನೂ ಅದು ವಿವರಿಸುತ್ತದೆ. ಅದನ್ನು ಬರೆದವರು ನಾಟ್ಯಶಾಲೆಯ ಒಡೆಯರಾಗಿರಲಿಲ್ಲ. ಅಲ್ಲಿಯ ಪ್ರಧಾನಾಲಯದ ಕ್ಯಾನನ್ ಆಗಿದ್ದ ಜೆಹಾನ್ ತಬೂರೋ ಎಂಬ ಧರ್ಮಗುರು. ತಮ್ಮ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ತುವಾನೋ ಆರ್ಬೋ ಎಂಬ ಗುಪ್ತನಾಮವನ್ನು ಅವರು ಇಟ್ಟುಕೊಂಡಿದ್ದರು. ಆ ಗ್ರಂಥದ ಒಂದು ಕುಣಿತದ ರಾಗಕ್ಕೆ 1924ರಲ್ಲಿ ಇಂಗ್ಲೆಂಡಿನ ಜಾರ್ಜ್ ವುಡ್‌ವರ್ಡ್ ಎಂಬ ಪಾದ್ರಿ ಕ್ರಿಸ್ತಜಯಂತಿಯ ಪದಗಳನ್ನು ಕೂಡಿಸಿದರು. ‘ಡಿಂಗ್ ಡಾಂಗ್ ಮೆರಿಲಿ ಆನ್ ಹೈ’ ಎಂದು ಲೋಕದ ಗಾಯನವೃಂದಗಳೆಲ್ಲ ಹಾಡುವ ಹಾಡು ಅದೇ. ‘ಗುಡ್ ಕಿಂಗ್ ವೆನ್ಸೆಸ್ಲಾಸ್’ ಎಂಬುದರ ರಾಗವೂ 1582ರ ಸಂಗ್ರಹವೊಂದರಲ್ಲಿ ವಸಂತಗೀತೆಯಾಗಿತ್ತು. 1853ರಲ್ಲಿ ಅದಕ್ಕೆ ಈಗಿನ ಪದಗಳು ಬಂದವು.

ಕುರಿಗಾಹಿಗಳ ಲಯವೂ ಹೀಗೆಯೇ ಗುಡಿಯನ್ನು ಸೇರಿತು. ಇಟಲಿಯ ಗುಡ್ಡಗಾಡಿನ ಕುರುಬರು ಕ್ರಿಸ್ತಜಯಂತಿಯ ಮುನ್ನ ರೋಮಿಗಿಳಿದು ಮಾತೆ ಮರಿಯಳ ಪ್ರತಿಮೆಗಳೆದುರು ಕೊಳವೆವಾದ್ಯಗಳನ್ನು ಊದುತ್ತಿದ್ದರು. ತೂಗುವ ಆ ಲಯವನ್ನು ಹ್ಯಾಂಡೆಲ್ ತಮ್ಮ ‘ಮೆಸಾಯ’ದಲ್ಲಿ ಕುರಿಗಾಹಿಗಳ ಪ್ರಸಂಗಕ್ಕೆ ಬಳಸಿದರು, 1742ರ ಏಪ್ರಿಲ್ 13ರಂದು ಡಬ್ಲಿನ್ನಿನಲ್ಲಿ ಅದು ಮೊದಲು ಕೇಳಿಬಂತು. ಬಾಕ್ ಮಹಾಶಯರು 1734ರ ‘ಕ್ರಿಸ್ತಜಯಂತಿಯ ಒರಟೋರಿಯೊ’ದ ಎರಡನೆಯ ಭಾಗವನ್ನು ಅದೇ ಬಗೆಯ ಲಯದಿಂದ ಆರಂಭಿಸಿದರು. ಕಂಬಳಿ ಹೊದ್ದು ಕುರಿಮಂದೆಯನ್ನು ಹೊಡೆದುಕೊಂಡು ಹೋಗುವವರನ್ನು ದಿನವೂ ಕಾಣುವ ನಮಗೆ, ಡೊಳ್ಳಿನ ಸದ್ದನ್ನು ಕೇಳಿ ಬೆಳೆದ ನಮಗೆ, ಬೆತ್ಲೆಹೇಮಿನ ಕುರಿಗಾಹಿಗಳು ಹೊರಗಿನವರಲ್ಲ.

ಧರ್ಮಸಭೆಯ ಕಟ್ಟಳೆಗಳು

ಹಿರಿಯರ ಆತಂಕವೂ ನಿರಾಧಾರವಾದುದಲ್ಲ. 19ನೆಯ ಶತಮಾನದಲ್ಲಿ ಯುರೋಪಿನ ದೇವಾಲಯಗಳಲ್ಲಿ ನಾಟಕಶಾಲೆಯ ಸಂಗೀತ ತುಂಬಿಕೊಂಡು ಪ್ರಾರ್ಥನೆಯೇ ಮರೆಯಾಗುವಂತಿತ್ತು. ಆದ್ದರಿಂದ ಜಗದ್ಗುರು ಹತ್ತನೆಯ ಪಿಯುಸರು 1903ರ ನವೆಂಬರ್ 22ರಂದು, ಸಂತ ಸಿಸಿಲಿಯಳ ಹಬ್ಬದ ದಿನ, ಪವಿತ್ರ ಸಂಗೀತದ ಬಗ್ಗೆ ಕಟ್ಟುನಿಟ್ಟಿನ ಆದೇಶವನ್ನು ಹೊರಡಿಸಿದರು. ಪಿಯಾನೊ, ನಗಾರಿ, ಕಂಸಾಳೆಯಂಥ ಗದ್ದಲದ ವಾದ್ಯಗಳಿಗೆ ದೇವಾಲಯದೊಳಗೆ ನಿಷೇಧ ಬಂತು. ಬ್ಯಾಂಡು ಒಳಗೆ ನುಡಿಯಬಾರದೆಂದಾಯಿತು. ಆದರೆ ಹೊರಗಿನ ಮೆರವಣಿಗೆಯಲ್ಲಿ, ಲೌಕಿಕ ಗತ್ತುಗಳನ್ನು ನುಡಿಸದಿದ್ದರೆ, ಧರ್ಮಾಧ್ಯಕ್ಷರು ಅದಕ್ಕೆ ಅನುಮತಿ ನೀಡಬಹುದಾಗಿತ್ತು. ಬಲಿಪೂಜೆಯಲ್ಲಿ ಗಂಭೀರವಾದ ಹಾಡು, ತೇರಿನ ಮುಂದೆ ಬ್ಯಾಂಡು ಎಂಬ ಹಳೆಯ ವಾಡಿಕೆಗೂ ಈ ಆದೇಶಕ್ಕೂ ಇರುವ ಹೊಂದಿಕೆ ಸ್ಪಷ್ಟವಾಗಿಯೇ ಇದೆ.

ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ದೈವಾರಾಧನೆಯನ್ನು ಕುರಿತ ಸಂವಿಧಾನವನ್ನು ಹೊರಡಿಸಿತು. ಧರ್ಮಪ್ರಚಾರದ ನಾಡುಗಳಲ್ಲಿ ಜನರ ಸ್ವಂತ ಸಂಗೀತ ಪರಂಪರೆಗೆ ಯೋಗ್ಯ ಸ್ಥಾನ ದೊರೆಯಬೇಕೆಂದು ಅದರ 119ನೆಯ ಪರಿಚ್ಛೇದವೂ, ಪವಿತ್ರ ಉಪಯೋಗಕ್ಕೆ ತಕ್ಕ ಬೇರೆ ವಾದ್ಯಗಳನ್ನು ಸೇರಿಸಿಕೊಳ್ಳಬಹುದೆಂದು 120ನೆಯದೂ ಹೇಳಿದವು. 1967ರಲ್ಲಿ ಬೆಂಗಳೂರಿನಲ್ಲಿ ಪೂಜ್ಯ ಅಮಲೋರ್ಪವದಾಸ್ ಸ್ವಾಮಿಗಳು ಕಟ್ಟಿದ ರಾಷ್ಟ್ರೀಯ ಕೇಂದ್ರ ಈ ಚಿಂತನೆಗೆ ನಮ್ಮ ದೇಶದಲ್ಲಿ ರೂಪ ಕೊಟ್ಟಿತು. ಕುಣಿತದ ವಿಷಯದಲ್ಲಿ 1994ರ ರೋಮಿನ ನಿರ್ದೇಶನ ಇನ್ನಷ್ಟು ಸ್ಪಷ್ಟವಾಗಿದೆ: ಕೆಲವು ಜನಾಂಗಗಳಲ್ಲಿ ಹಾಡಿನೊಡನೆ ಚಪ್ಪಾಳೆ, ತೂಗಾಟ, ಕುಣಿತ ಸಹಜವಾಗಿಯೇ ಬರುವುದರಿಂದ, ಅದು ಸಮುದಾಯದ ನಿಜವಾದ ಪ್ರಾರ್ಥನೆಯಾಗಿದ್ದರೆ ಆರಾಧನೆಯಲ್ಲಿ ಸಲ್ಲುತ್ತದೆ, ಬರಿಯ ಪ್ರದರ್ಶನವಾದರೆ ಸಲ್ಲದು. ದಾವೀದ ಕೊಟ್ಟ ಉತ್ತರವೂ ಇದೇ ಆಗಿತ್ತು.

ನಮ್ಮ ಸೀಮೆಯ ದಾರಿ

ನಮ್ಮ ಬೆಳಗಾವಿ ಧರ್ಮಪ್ರಾಂತ್ಯ 1953ರಲ್ಲಿ ಸ್ಥಾಪನೆಗೊಂಡಾಗ ಅದರ ಭೂಭಾಗ ಗೋವೆ ಮತ್ತು ಪುಣೆಯ ಧರ್ಮಪ್ರಾಂತ್ಯಗಳಿಂದ ಬಂದಿತು. ಗೋವೆಯಲ್ಲಿ ಧರ್ಮಕೇಂದ್ರದ ಶಾಲೆಗಳೇ ಬಾಲಕರಿಗೆ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸುತ್ತಿದ್ದವು. ಅಲ್ಲಿ ಕಲಿತವರು ಮುಂಬಯಿ ಮೊದಲಾದ ನಗರಗಳ ಬ್ಯಾಂಡುಗಳನ್ನು ತುಂಬಿದರು. ಅದೇ ಜನ ಮನೆಯಂಗಳದಲ್ಲಿ ಮಂದಗತಿಯ ‘ಮಾಂಡೊ’ವನ್ನೂ, ಅದರ ಬೆನ್ನಿಗೆ ಚುರುಕಾದ ‘ದುಲ್ಪದ್’ಅನ್ನೂ ಹಾಡಿ ಕುಣಿದರು. ಗುಡಿಯ ಶಾಲೆಯಲ್ಲಿ ಕಲಿತ ಸ್ವರ ಅಂಗಳದ ಕುಣಿತಕ್ಕೆ ಅಡ್ಡಿಯಾಗಲಿಲ್ಲ.

ಕನ್ನಡದ ಹಾಡಿಗೆ ಬೇಕಾದ ಪಾಠವನ್ನು ಕಲಿಸಿದ ಇನ್ನೊಬ್ಬರು ಪ್ರಾಟೆಸ್ಟೆಂಟ್ ಸೋದರ ಫರ್ಡಿನೆಂಡ್ ಕಿಟೆಲ್. 1853ರಲ್ಲಿ ಧಾರವಾಡಕ್ಕೆ ಬಂದ ಅವರು ಜರ್ಮನ್ ರಾಗಗಳಿಗೆ ಕನ್ನಡವನ್ನು ತುರುಕುವ ಬದಲು ಕನ್ನಡದ ಛಂದಸ್ಸನ್ನೇ ಅಭ್ಯಾಸ ಮಾಡಿ, 1862ರಲ್ಲಿ ಕ್ರಿಸ್ತಚರಿತ್ರೆಯ ‘ಕಥಾಮಾಲೆ’ಯನ್ನು ರಚಿಸಿದರು. 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಅಚ್ಚು ಮಾಡಿಸಿದರು.

ಈ ಪಾಠ ಗಾಯನವೃಂದಕ್ಕೆ ಇಂದೂ ಉಪಯುಕ್ತ. ಯುರೋಪಿನ ಹಲವು ಉಲ್ಲಾಸದ ಕುಣಿತಗಳು, ಜಿಗ್ ಆಗಲಿ ಟರಾಂಟೆಲ್ಲಾ ಆಗಲಿ, ಮೂರು ಮೂರರಂತೆ ನಡೆಯುತ್ತವೆ. ನಮ್ಮ ತಬಲೆಯ ದಾದರಾ ತಾಳವೂ ಮೂರು ಮೂರರ ಆರು ಮಾತ್ರೆಯೇ. ಮೂರು ಮಾತ್ರೆಯ ಗಣಗಳಿಂದಾದ ಭೋಗಷಟ್ಪದಿಯ ಧಾಟಿಯ ಪದಗಳು ಇದಕ್ಕೆ ಕೈಗವಸಿನಂತೆ ಹೊಂದುತ್ತವೆ. ಮೂರು ನಾಲ್ಕರ ಭಾಮಿನಿಯ ನಡೆಯನ್ನು ಅದೇ ರಾಗಕ್ಕೆ ಎಳೆದರೆ ದೀರ್ಘಾಕ್ಷರ ತಪ್ಪಿದ ಪೆಟ್ಟಿನ ಮೇಲೆ ಬಿದ್ದು ಮಾತು ಮುರಿಯುತ್ತದೆ. ಅದಕ್ಕೆ ಏಳು ಮಾತ್ರೆಯ ರೂಪಕವೇ ಸರಿ. ಐದರ ವಾರ್ಧಕಕ್ಕೆ ಝಪತಾಳ, ನಾಲ್ಕರ ನಡೆಗೆ ಎಂಟು ಮಾತ್ರೆಯ ಕೆಹರವಾ. ಯಾವುದೇ ಅನುವಾದಿತ ಗೀತೆಯನ್ನು ಆರಿಸುವ ಮುನ್ನ ಪದಗಳನ್ನು ರಾಗವಿಲ್ಲದೆ ಚಪ್ಪಾಳೆಯೊಡನೆ ಓದಿ ನೋಡಬೇಕು. ಎಡವಿದ ಕಡೆ ಸಭೆಯೂ ಎಡವುತ್ತದೆ.

ಬ್ಯಾಂಡನ್ನು ಕೂಡಿಸಿಕೊಳ್ಳುವಾಗ ಶ್ರುತಿಯ ಲೆಕ್ಕ ಅಗತ್ಯ. ಸಾಮಾನ್ಯ ಟ್ರಂಪೆಟ್, ಕ್ಲಾರಿನೆಟ್‌ಗಳ ಸಹಜ ಶ್ರುತಿ ಹಾರ್ಮೋನಿಯಮ್ಮಿನ ಕರಿ ಐದು; ಆಲ್ಟೊ ಸ್ಯಾಕ್ಸೊಫೋನಿನದು ಕರಿ ಎರಡು. ಗಾಯಕರು ಬಿಳಿ ಒಂದರಲ್ಲಿಯೇ ಹಾಡುತ್ತೇವೆಂದು ಹಟ ಹಿಡಿದರೆ ಊದುವವರು ಪರಿವರ್ತಿಸಿ ಬರೆದ ಸ್ವರಲಿಪಿಯನ್ನು ಓದಬೇಕಾಗುತ್ತದೆ. ಕರಿ ಐದರಲ್ಲಿ ಹಾಡನ್ನು ಎತ್ತಿಕೊಂಡರೆ ಇಬ್ಬರಿಗೂ ಸುಲಭ. ಸಭಾಂಗಣದ ಕಾರ್ಯಕ್ರಮಕ್ಕೆ ಬ್ಯಾಂಡು ಮಾತ್ರವೇ ನುಡಿಸುವುದಾದರೆ ಗುಸ್ತಾವ್ ಹೋಲ್ಸ್ಟ್ 1911ರಲ್ಲಿ ಸೇನಾಬ್ಯಾಂಡಿಗೆಂದೇ ರಚಿಸಿದ ಎರಡನೆಯ ಸ್ವೀಟ್ ಒಳ್ಳೆಯ ಮಾದರಿ. ಹಳ್ಳಿಯ ಹಾಡು ಕುಣಿತಗಳಿಂದಲೇ ಅವರು ಅದನ್ನು ಹೆಣೆದರು. ನಮ್ಮ ಜಾನಪದದಿಂದ ಅಂಥ ಕೃತಿಯನ್ನು ಹೆಣೆಯುವವರು ನಮ್ಮ ತರುಣರಲ್ಲಿಯೇ ಏಕೆ ಹುಟ್ಟಬಾರದು?

ಹಲಗೆಯ ಪ್ರಶ್ನೆ

ಇಲ್ಲಿ ಮನಸ್ಸು ಬಿಚ್ಚಿ ಹೇಳಬೇಕಾದ ಮಾತೊಂದಿದೆ. ಹಲಗೇರಿಯ ಹೆಸರಿನ ಮೂಲ ಏನೇ ಇರಲಿ, ಅದನ್ನು ಉಚ್ಚರಿಸಿದಾಗ ಹಲಗೆಯೆಂಬ ವಾದ್ಯದ ನೆನಪಾಗುತ್ತದೆ. ನಮ್ಮ ಸೀಮೆಯ ಕುಣಿತಗಳ ಹುರುಪು ಹಲಗೆಯಲ್ಲಿದೆ. ಆದರೆ ಆ ಚರ್ಮವಾದ್ಯವನ್ನು ಸಾವಿನ ಮನೆಯ ಮುಂದೆ, ಜಾತ್ರೆಯಲ್ಲಿ, ಡಂಗುರದಲ್ಲಿ ಬಾರಿಸುವ ಕೆಲಸವನ್ನು ಕೆಲವೇ ಜಾತಿಗಳ ಮೇಲೆ ಬಿಟ್ಟಿಚಾಕರಿಯಾಗಿ ಹೇರಲಾಗಿತ್ತು. ಬಾರಿಸಿದವರು ಗುಡಿಯ ಹೊರಗೇ ನಿಲ್ಲಬೇಕಿತ್ತು. ಆದ್ದರಿಂದ ದಕ್ಷಿಣ ಭಾರತದ ಹಲವೆಡೆ ಮಾನವನ್ನು ಅರಸಿದ ಕುಟುಂಬಗಳು ಆ ವಾದ್ಯವನ್ನೇ ಕೆಳಗಿಟ್ಟವು. ಇನ್ನು ಕೆಲವರು ಅದನ್ನೇ ಸ್ವಾಭಿಮಾನದ ಕಲೆಯೆಂದು ಮತ್ತೆ ಕೈಗೆತ್ತಿಕೊಂಡರು. ಎರಡೂ ನಿರ್ಧಾರಗಳು ಗೌರವಕ್ಕೆ ಪಾತ್ರ.

ಹೀಗಿರುವಾಗ, ಹಬ್ಬಕ್ಕೆ ಹಲಗೆ ಚೆನ್ನಾಗಿ ಒಪ್ಪುತ್ತದೆ, ಇಂಥವರ ಮನೆಯವರನ್ನು ಕರೆಸಿರಿ ಎಂದು ಸಲೀಸಾಗಿ ಹೇಳುವುದು ಕ್ರೈಸ್ತರಿಗೆ ತಕ್ಕುದಲ್ಲ. ವಾದ್ಯವನ್ನು ಬರಮಾಡಿಕೊಂಡು ವಾದಕನನ್ನು ಹೊಸ್ತಿಲ ಹೊರಗೆ ನಿಲ್ಲಿಸಿದರೆ ಹಳೆಯ ಪಾಪಕ್ಕೆ ಹೊಸ ರಾಗ ಕೂಡಿಸಿದಂತಾಗುತ್ತದೆ. ಹಲಗೆ ಬರುವುದಾದರೆ ಯಾವ ಮನೆತನದ ಮಗುವಾದರೂ ಅದನ್ನು ಕಲಿಯಲಿ. ಹಿಂದೆ ಬಾರಿಸಿದವರು ಇಷ್ಟಪಟ್ಟರೆ ಗುರುಗಳಾಗಿ ಕಲಿಸಲಿ, ಇಷ್ಟವಿಲ್ಲದಿದ್ದರೆ ಯಾರೂ ಒತ್ತಾಯಿಸದಿರಲಿ. ಕಲಿಸಿದವರು ಗಾಯನವೃಂದದ ಪಕ್ಕದಲ್ಲಿಯೇ ಕುಳಿತುಕೊಳ್ಳಲಿ.

ಆಯ್ಕೆಯ ವೇಳೆಯಲ್ಲಿ

ತಪಸ್ಸುಕಾಲದಲ್ಲಿ ವಾದ್ಯಗಳು ಗಾನಕ್ಕೆ ಆಧಾರವಾಗಿ ಮಾತ್ರ ಇರಬೇಕು. ಕುಣಿತದ ಲಯಕ್ಕೆ ಅದು ಕಾಲವಲ್ಲ. ಕ್ರಿಸ್ತಜಯಂತಿ, ಪಾಸ್ಖ, ಪಾಲಕ ಸಂತರ ಹಬ್ಬಗಳು ಅದರ ಕಾಲ. ಬಲಿಪೂಜೆಯಲ್ಲಿ ಮಹಿಮಾಗೀತೆ, ಅಲ್ಲೆಲೂಯ, ಕಾಣಿಕೆಯ ಮೆರವಣಿಗೆ ಮತ್ತು ಕೊನೆಯ ಹಾಡು ಅದಕ್ಕೆ ಎಡೆಗೊಡುತ್ತವೆ. ಪಶ್ಚಾತ್ತಾಪದ ವಿಧಿಯೂ ಪರಮಪ್ರಸಾದದ ನಂತರದ ಮೌನವೂ ಎಡೆಗೊಡುವುದಿಲ್ಲ. ಉಳಿದುದಕ್ಕೆಲ್ಲ ತೇರಿನ ಬೀದಿಯೂ ಸಭಾಂಗಣವೂ ಇದ್ದೇ ಇವೆ. ಹಾಡನ್ನು ಕೇಳಿದ ಜನರಿಗೆ ಚಲನಚಿತ್ರವೊಂದು ನೆನಪಾದರೆ ಅದನ್ನು ಬಿಡಬೇಕು. ಪ್ರಾರ್ಥನೆ ನೆನಪಾದರೆ ಉಳಿಸಿಕೊಳ್ಳಬೇಕು. ಮುಖ್ಯವಾಗಿ, ಮುದುಕಿಯೊಬ್ಬಳು ಪಲ್ಲವಿಯನ್ನು ಎರಡನೆಯ ಸಲಕ್ಕೇ ಎತ್ತಿಕೊಳ್ಳುವಂತಿರಬೇಕು.

ಮೀಕಲಳ ಕಿಟಕಿ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇರುತ್ತದೆ; ನಮ್ಮೆಲ್ಲರ ಮನಸ್ಸಿನಲ್ಲಿಯೂ ಇರುತ್ತದೆ. ಶತಮಾನೋತ್ಸವದ ದಿನವಾದರೂ ಅದನ್ನು ಮುಚ್ಚಿ, ಎಲ್ಲರೂ ಬೀದಿಗಿಳಿದು ಮಂಜೂಷದ ಹಿಂದೆ ನಡೆಯುವಂತಾಗಲಿ. ನಮ್ಮ ಗಾನವನ್ನೂ ನಮ್ಮ ಹೆಜ್ಜೆಯನ್ನೂ ಪ್ರಭು ಸ್ವೀಕರಿಸಲಿ ಎಂದು ಪ್ರಾರ್ಥಿಸುತ್ತೇನೆ.